ನೀರೆರಚುವವರ ಕಾಟ, ಕಲ್ಲಿನ ದನಿ

ಬಂಡೆಚಿತ್ರಗಳಿಗೆ ನೀರೆರಚಿ ಫೋಟೊ ತೆಗೆಯುವವರ ಜತೆ ನನ್ನ ಜಗಳ ಹಳೆಯದು. ಗಂಗಾವತಿ ಸೀಮೆಯ ಹಿರೇಬೆಣಕಲ್ ಗುಡ್ಡದ ಕಲ್ಲಾಸರೆಗಳಲ್ಲಿ ಈ ಚಾಳಿ ಇನ್ನೂ ನಿಂತಿಲ್ಲ. ಒದ್ದೆಯಾದೊಡನೆ ಕೆಮ್ಮಣ್ಣಿನ ಗೆರೆ ಎದ್ದು ಕಾಣುತ್ತದೆ, ನಿಜ. ಆದರೆ ನೀರು ಆರಿದ ಮೇಲೆ ಅದರ ಲವಣ ಬಂಡೆಯಲ್ಲೇ ಉಳಿದು ಬಿಳಿ ಪೊರೆ ಕಟ್ಟುತ್ತದೆ. ಚಿತ್ರದಲ್ಲಿ ಕೈಕೈ ಹಿಡಿದು ಕುಣಿಯುವ ಮನುಷ್ಯರು ವರ್ಷದಿಂದ ವರ್ಷಕ್ಕೆ ಮಂಕಾಗುತ್ತಾರೆ. ಜಾನ್ ಹರ್ಮನ್ ರೂಪಿಸಿದ ಡಿ-ಸ್ಟ್ರೆಚ್ ತಂತ್ರಾಂಶ ಒಣಬಂಡೆಯ ಫೋಟೊದಿಂದಲೇ ಬರಿಗಣ್ಣಿಗೆ ಸಿಗದ ಕೆಂಪನ್ನೂ ಹೊರಗೆಳೆಯುತ್ತದೆ. ಅದಿರುವಾಗ ನೀರಿನ ಬಾಟಲಿಗೆ ಇಲ್ಲೇನು ಕೆಲಸ? ಬಂಡೆಯನ್ನು ಕುಟ್ಟಿ ಮೂಡಿಸಿದ ಕುಟ್ಟುಚಿತ್ರಗಳಿಗೆ ಸೀಮೆಸುಣ್ಣ ತುಂಬುವವರಿಗೂ ಇದೇ ಮಾತು.

ಈ ವಾರ ಬಣ್ಣದ ವಿಚಾರವನ್ನೇ ಮುಂದುವರಿಸಬೇಕೆಂದಿದ್ದೆ. ಆದರೆ ಹಿರೇಬೆಣಕಲ್ ನೆನೆದರೆ ಮನಸ್ಸು ಮೋರ್ಯರ ಮನೆಗಳೆಂದು ಕರೆಯುವ ಅಲ್ಲಿನ ಬೃಹತ್ ಶಿಲಾಗೋರಿಗಳ ಆಚೆಗೆ, ನಗಾರಿಕಲ್ಲಿನ ಕಡೆಗೇ ಓಡುತ್ತದೆ. ಎತ್ತರದ ಬಂಡೆಯ ನೆತ್ತಿಯಲ್ಲಿ ಕೂತ ಅರೆಗೋಳ ಅದು. ಬಡಿದರೆ ದನಿ ಬಹುದೂರ ಹೋಗುತ್ತದೆ. ಚಿತ್ರ ನೋಡಲು ಬಂದವರು ಕಿವಿಯನ್ನು ಮನೆಯಲ್ಲಿ ಬಿಟ್ಟು ಬರುತ್ತಾರಲ್ಲ, ನನಗೆ ಅದೇ ಸಂಕಟ.

ಚಿತ್ರದ ಜತೆ ಕಲ್ಲಿನ ದನಿಯನ್ನೂ ಅರಿಯಬೇಕೆಂದರೆ ಬಳ್ಳಾರಿ ಪಕ್ಕದ ಕಪ್ಪಗಲ್ಲಿಗೆ ಹೋಗಿ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳಲ್ಲಿ ನವಶಿಲಾಯುಗದವರು ಕುಟ್ಟಿದ ಉದ್ದಕೊಂಬಿನ ಗೂಳಿಗಳಿವೆ. ಇವುಗಳ ಬಗ್ಗೆ ಬ್ರಿಟಿಷ್ ಅಧಿಕಾರಿ ಫಾಸೆಟ್ 1892ರಷ್ಟು ಹಿಂದೆಯೇ ಬರೆದಿದ್ದ. ನಡುವೆ ಕೆಲವು ಬಂಡೆಗಳಲ್ಲಿ ನುಣ್ಣನೆಯ ಬಟ್ಟಲುಗುಳಿಗಳು. ಅಲ್ಲಿ ಗ್ರಾನೈಟ್ ತುಂಡಿನಿಂದ ಬಡಿದರೆ ಜಾಗಟೆಯ ದನಿ ಹೊರಡುತ್ತದೆ. 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಚಿತ್ರವನ್ನೂ ಈ ದನಿಯನ್ನೂ ಒಟ್ಟಿಗಿಟ್ಟು ಓದಿದರು. ಬೇಟೆ, ಎತ್ತು, ಕುಣಿತ ಎಂದು ಚಿತ್ರಗಳನ್ನು ಬರೀ ಪಟ್ಟಿ ಮಾಡುವ ಪಂಥಕ್ಕೆ ನನ್ನ ಉತ್ತರವೂ ಅದೇ: ಕೆಲವು ಚಿತ್ರಗಳು ಮೈಬಗ್ಗಿಸಿ, ಜೋತುಬಿದ್ದು ಕುಟ್ಟಬೇಕಾದಂಥ ಜಾಗದಲ್ಲಿವೆ. ನೋಟಕ್ಕಷ್ಟೇ ಆಗಿದ್ದರೆ ಇಷ್ಟು ಪಾಡೇಕೆ? ಕುಟ್ಟುವುದೇ, ಆ ಸದ್ದೇ ಅವರಿಗೆ ಮುಖ್ಯವಾಗಿತ್ತು ಎಂದು ನಾನು ನಂಬುತ್ತೇನೆ.

ಹಾಗೆಂದು ನೀವು ಬಡಿಯಲು ಹೋಗಬೇಡಿ. ಕಲ್ಲುಗಣಿಗಾರಿಕೆ ಈಗಾಗಲೇ ಕಪ್ಪಗಲ್ಲಿನ ಗುಡ್ಡದ ಒಂದಷ್ಟನ್ನು ಜಲ್ಲಿ ಮಾಡಿ ಮುಗಿಸಿದೆ. ಚಿತ್ರವಿರುವ ಬಂಡೆಯೊಂದನ್ನೇ ಉಳಿಸಿದರೆ ಸಾಲದು, ದನಿ ಕೊಡುವ ಇಡೀ ಗುಡ್ಡ ಉಳಿಯಬೇಕು. ಹೋದಾಗ ಹೊಸ ಕ್ವಾರಿ ಕಣ್ಣಿಗೆ ಬಿದ್ದರೆ ಫೋಟೊ ಸಮೇತ ಜಿಲ್ಲಾಧಿಕಾರಿಗೆ ಬರೆಯಿರಿ.