ಹೆಣ್ಣುನಾಯಿಗೊಂದು ಬಾಳುವ ಹೆಸರು

ಹೆಣ್ಣುಮರಿಯನ್ನು ಮನೆಗೆ ತರುವವರು ತಳಿ ವಿಚಾರಿಸುತ್ತಾರೆ, ತಾಯಿಯ ಮೈಕಟ್ಟು ನೋಡುತ್ತಾರೆ, ಲಸಿಕೆಯ ಕಾರ್ಡು ಕೇಳುತ್ತಾರೆ. ಹೆಸರಿಡುವ ಹೊತ್ತಿಗೆ ಈ ಎಚ್ಚರವೆಲ್ಲ ಎಲ್ಲಿಗೋ ಹೋಗಿಬಿಡುತ್ತದೆ. ಆ ತಿಂಗಳು ನೋಡಿದ ಸಿನಿಮಾ, ಮೆಚ್ಚಿದ ತಿಂಡಿ, ಬೇಕೆನಿಸಿದ ಕಾರು, ಇವುಗಳಲ್ಲಿ ಯಾವುದೋ ಒಂದರ ಹೆಸರು ಮರಿಯ ಕೊರಳಿಗೆ ಬೀಳುತ್ತದೆ. ನಾಯಿಯ ಬಾಳು 10ರಿಂದ 14 ವರ್ಷ. ಅಷ್ಟೂ ಕಾಲ ಮನೆಮಂದಿಯೆಲ್ಲ ದಿನಕ್ಕೆ ಹತ್ತಾರು ಸಲ ಕೂಗುವ ಹೆಸರದು. ಸಿನಿಮಾ ಮರೆತುಹೋಗುತ್ತದೆ, ತಿಂಡಿಯ ರುಚಿ ಬದಲಾಗುತ್ತದೆ, ನಾಯಿ ಮಾತ್ರ ಅದೇ ಹೆಸರಿಗೆ ಕಿವಿ ನಿಮಿರಿಸುತ್ತ ಮುದಿಯಾಗುತ್ತದೆ. ಹಾಗಾಗಿ ಬಾಳುವ ಹೆಸರು ಯಾವುದು ಎಂಬ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಬೇಕು. ನನ್ನ ಉತ್ತರ ಇಷ್ಟು: ಕೂಗಿಗೆ ಒದಗುವ, ನಾಯಿಯ ಗುಣವನ್ನೋ ರೂಪವನ್ನೋ ಹೇಳುವ ಹೆಸರು ಬಾಳುತ್ತದೆ, ಒಡೆಯನ ಅಂದಿನ ಅಭಿರುಚಿಯನ್ನು ಸಾರುವ ಹೆಸರು ಬಾಡುತ್ತದೆ. ಇದಕ್ಕೆ 2,000 ವರ್ಷಗಳಿಗೂ ಹಿಂದಿನ ಸಾಕ್ಷ್ಯವಿದೆ.

ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಬೇಟೆಯ ಬಗ್ಗೆ ಬರೆದ ಪುಸ್ತಕದಲ್ಲಿ ನಾಯಿಗೆ ಹೆಸರಿಡುವ ಕ್ರಮವೂ ಬರುತ್ತದೆ. ಸುಲಭವಾಗಿ ಕೂಗಲು ಬರುವಂತೆ ಹೆಸರು ಚಿಕ್ಕದಿರಲಿ ಎಂದು ಹೇಳಿ, ಆತ 40ಕ್ಕೂ ಹೆಚ್ಚು ಹೆಸರುಗಳನ್ನು ಪಟ್ಟಿ ಮಾಡುತ್ತಾನೆ. ಅವುಗಳಲ್ಲಿ ಆಲ್ಕೆ ಎಂದರೆ ಕೆಚ್ಚು, ರೋಮೆ ಎಂದರೆ ಬಲ, ಹೆಬೆ ಎಂದರೆ ಹರೆಯ, ಲಾಂಖೆ ಎಂದರೆ ಈಟಿ, ಹೊರ್ಮೆ ಎಂದರೆ ಮುನ್ನುಗ್ಗುವ ವೇಗ. ಒಂದೊಂದರಲ್ಲೂ ಬೇಟೆನಾಯಿಯ ಸ್ವಭಾವವೋ ಮೈಮಾಟವೋ ಇದೆ. ಸಾಕಿದವನ ಸಿರಿವಂತಿಕೆಯನ್ನು ಹೇಳುವ ಹೆಸರು ಇವುಗಳಲ್ಲಿಲ್ಲ. ಕ್ರಿಸ್ತಶಕ 1ನೇ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ರೋಮಿನ ಕೊಲುಮೆಲ್ಲ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾನೆ: ಕರೆದೊಡನೆ ನಾಯಿ ಓಗೊಡಬೇಕಾದರೆ ಹೆಸರು ಉದ್ದವಾಗಬಾರದು, ಹಾಗೆಂದು ಎರಡು ಉಚ್ಚಾರಾಂಶಕ್ಕಿಂತ ಚಿಕ್ಕದೂ ಆಗಬಾರದು. ಹೆಣ್ಣುನಾಯಿಗೆ ಅವನು ಸೂಚಿಸುವ ಹೆಸರುಗಳಲ್ಲಿ ಆಲ್ಕೆ, ರೋಮೆ ಮತ್ತೆ ಕಾಣಿಸುತ್ತವೆ. ಅವುಗಳ ಜೊತೆಗೆ ಹೆಣ್ಣುತೋಳ ಎಂಬ ಅರ್ಥದ ಲೂಪಾ, ಹುಲಿ ಎಂಬ ಅರ್ಥದ ಟೈಗ್ರಿಸ್ ಇವೆ. ಭಾಷೆ, ರಾಜ್ಯ, ಕಸುಬು ಬದಲಾದ ಮೇಲೂ ಹೆಸರು ಉಳಿದಿತ್ತು. ಕ್ಸೆನೊಫೋನನ ಪಟ್ಟಿಯ ಹೊರ್ಮೆಯಂತೂ ಸುಮಾರು 500 ವರ್ಷಗಳ ಬಳಿಕ ಅರಿಯನ್ ಎಂಬ ಇತಿಹಾಸಕಾರನ ಹೆಣ್ಣುನಾಯಿಯ ಹೆಸರಾಗಿ ಬರುತ್ತದೆ. ಅಲೆಕ್ಸಾಂಡರನ ದಂಡಯಾತ್ರೆಯನ್ನು ಬರೆದವನೇ ಈ ಅರಿಯನ್. ವೇಗದಲ್ಲೂ ಜಾಣತನದಲ್ಲೂ ಮಿಗಿಲಾಗಿದ್ದ ಆ ನಾಯಿಯ ಹೆಸರು ಮುಂದಿನವರಿಗೂ ತಿಳಿದಿರಲಿ ಎಂದೇ ಅವನು ಅದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟ.

ಇದು ಬೇಟೆಯ ಕಾಲದ ಮಾತು, ಹಿಂಡು ಸಾಕುತ್ತಿದ್ದವರಿಗೆ ಸಲ್ಲುವ ನಿಯಮ. ಸೋಫಾದ ಮೇಲೆ ಮಲಗುವ ಒಂಟಿ ನಾಯಿಗೆ ಯಾಕೆ ಎಂದು ಯಾರಾದರೂ ಕೇಳಬಹುದು. ಹಾಗಾದರೆ ಬೇಟೆಗೆ ಸಂಬಂಧವೇ ಇಲ್ಲದ ಕಡೆ ನೋಡೋಣ. 1957ರ ನವೆಂಬರ್ 3ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್-2ರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಹೆಣ್ಣುನಾಯಿಯನ್ನು ಮೊದಲು ಕರೆಯುತ್ತಿದ್ದದ್ದು ಕುದ್ರ್ಯಾವ್ಕಾ, ಅಂದರೆ ಗುಂಗುರುಗೂದಲಿನವಳು ಎಂದು. ಜಗತ್ತಿನ ಬಾಯಲ್ಲಿ ನಿಂತದ್ದು ಅದಕ್ಕಿಂತ ಹಗುರವಾದ ಲೈಕಾ. ಬೊಗಳುವವಳು ಎಂಬ ಅರ್ಥದ ಎರಡೇ ಉಚ್ಚಾರಾಂಶ. 1960ರ ಆಗಸ್ಟ್‌ನಲ್ಲಿ ಭೂಮಿಯನ್ನು ಸುತ್ತಿ ಜೀವಂತವಾಗಿ ಮರಳಿದ ಜೋಡಿಯ ಹೆಸರು ಬೆಲ್ಕಾ, ಸ್ಟ್ರೆಲ್ಕಾ. ಸ್ಟ್ರೆಲ್ಕಾ ಎಂದರೆ ಪುಟ್ಟ ಬಾಣ. ಈಟಿ ಎಂಬ ಅರ್ಥದ ಗ್ರೀಕ್ ಲಾಂಖೆಗೂ ಈ ರಷ್ಯನ್ ಬಾಣಕ್ಕೂ ನಡುವೆ 2,300 ವರ್ಷಗಳ ಅಂತರವಿದೆ, ಹೆಸರಿಟ್ಟ ಮನಸ್ಸು ಮಾತ್ರ ಒಂದೇ. ಅರಮನೆಯಲ್ಲೂ ಹೆಸರು ಚಿಕ್ಕದೇ. ಬ್ರಿಟನ್ನಿನ ಎರಡನೇ ಎಲಿಜಬೆತ್‌ಗೆ 1944ರಲ್ಲಿ, ಅವರ 18ನೇ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಕಾರ್ಗಿಯ ಹೆಸರು ಸೂಸನ್. ಅರಮನೆಯ ಮುಂದಿನ ಕಾರ್ಗಿಗಳ ವಂಶ ಬೆಳೆದದ್ದು ಅವಳಿಂದಲೇ. ಮನಸ್ಸು ಮಾಡಿದ್ದರೆ ಅರಮನೆಯ ನಾಯಿಗೆ ಎಷ್ಟು ಉದ್ದದ ಬಿರುದನ್ನಾದರೂ ಕೊಡಬಹುದಿತ್ತು. ಕೂಗಿಗೆ ಬೇಕಾದದ್ದು ಸೂಸನ್ ಅಷ್ಟೇ.

ಹಳಬರು ಅನುಭವದಿಂದ ಕಂಡುಕೊಂಡದ್ದಕ್ಕೆ ಈಗ ಪ್ರಯೋಗಾಲಯದ ಬೆಂಬಲವೂ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿನ್ನೆಲೆಯಲ್ಲಿ ಬೇರೆ ಮಾತಿನ ಗದ್ದಲವಿದ್ದರೂ ನಾಯಿ ತನ್ನ ಹೆಸರನ್ನು ಗುರುತಿಸಬಲ್ಲದು. ಆದರೆ ಬುಡಾಪೆಸ್ಟ್‌ನ ಸಂಶೋಧಕರು 2020ರಲ್ಲಿ ನಾಯಿಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಪರಿಚಿತ ಪದದ ಒಂದೇ ಧ್ವನಿಯನ್ನು ಬದಲಿಸಿದರೆ ಆ ವ್ಯತ್ಯಾಸ ಅವಕ್ಕೆ ಅಷ್ಟಾಗಿ ತಾಕುವುದಿಲ್ಲ ಎಂದು ಕಂಡಿತು. ಎರಡನ್ನೂ ಕೂಡಿಸಿ ನೋಡಿದರೆ ಮನೆಗೆ ಬೇಕಾದ ವಿವೇಕ ಸಿಗುತ್ತದೆ: ನಾಯಿಗೆ ತನ್ನ ಹೆಸರು ಚೆನ್ನಾಗಿ ಗೊತ್ತು, ಅದನ್ನೇ ಹೋಲುವ ಇನ್ನೊಂದು ಸದ್ದು ಮನೆಯಲ್ಲಿ ಇರಬಾರದು. ‘ನೋ’ ಎಂದು ಗದರುವ ಮನೆಯಲ್ಲಿ ನೋರಾ ಬೇಡ. ‘ಬಾ’ ಎಂದು ಕರೆಯುವವರಿಗೆ ಬಾಬಿ ಒಗ್ಗದು. ಮಗುವನ್ನು ಚಿನ್ನು ಎಂದು ಮುದ್ದಿಸುವಲ್ಲಿ ನಾಯಿ ಚಿನ್ನಿಯಾಗಬಾರದು, ಚಿನ್ನಿ ಇರುವಲ್ಲಿ ಎರಡನೆಯದು ಮುನ್ನಿಯಾಗಬಾರದು. ಇವೆಲ್ಲ ಹೆಸರು ಚಂದವೋ ಅಲ್ಲವೋ ಎಂಬುದಕ್ಕಿಂತ ಮೊದಲು ತೀರ್ಮಾನವಾಗಬೇಕಾದವು.

ಇನ್ನು ಕೂಗುವವರ ಬಾಯಿಗೆ ಬರೋಣ. ಕನ್ನಡಿಗರಾದ ನಾವು ದೂರದಲ್ಲಿರುವವರನ್ನು ಕರೆಯುವಾಗ ಹೆಸರಿನ ಕೊನೆಯ ಸ್ವರವನ್ನು ಎಳೆಯುತ್ತೇವೆ. ಕೆಂಚಿ ‘ಕೆಂಚೀ’ ಆಗಿ ಗದ್ದೆಯ ಆಚೆ ಬದಿಗೂ ತಲುಪುತ್ತದೆ. ಗ್ರೇಸ್, ಪರ್ಲ್ ಮುಂತಾದ ಹೆಸರುಗಳ ಕೊನೆಯಲ್ಲಿ ಎಳೆಯಲು ಸ್ವರವೇ ಇಲ್ಲ. ಅಜ್ಜಿಯ ಬಾಯಲ್ಲಿ ಅವು ಗ್ರೇಸು, ಪರ್ಲು ಆಗುತ್ತವೆ, ಮೊಮ್ಮಗಳ ಬಾಯಲ್ಲಿ ಬೇರೆಯೇ ಆಗುತ್ತವೆ, ನಾಯಿ ಒಂದೇ ಹೆಸರನ್ನು ಎರಡಾಗಿ ಕೇಳುತ್ತದೆ. ಜೂಲಿ, ರೋಸಿ, ಲಿಲ್ಲಿ ಎಂಬ ಪರದೇಶದ ಹೆಸರುಗಳು ನಮ್ಮ ಹಳ್ಳಿಗಳಲ್ಲೂ ಬೇರೂರಿದ್ದು ಯಾಕೆಂದರೆ ಅವು ಕೆಂಚಿಯ ಅಚ್ಚಿನಲ್ಲೇ ಇವೆ: ಎರಡು ಅಕ್ಷರ, ಕೊನೆಗೆ ಎಳೆಯಲು ಬರುವ ಇಕಾರ. ಆದ್ದರಿಂದ ನನ್ನ ವಾದ ಇಂಗ್ಲಿಷ್ ಹೆಸರುಗಳ ವಿರುದ್ಧವಲ್ಲ. ಆದರೆ ಕರಿ, ಕೆಂಚಿ, ಬೆಳ್ಳಿ, ಚುಕ್ಕಿ ಎಂಬ ನಮ್ಮವೇ ಹೆಸರುಗಳು ಕೂಗಿನ ಪರೀಕ್ಷೆಯಲ್ಲಿ ಗೆಲ್ಲುವುದರ ಜೊತೆಗೆ ನಾಯಿಯ ಬಣ್ಣವನ್ನೂ ಮಚ್ಚೆಯನ್ನೂ ಹೇಳುತ್ತವೆ. ಅವುಗಳನ್ನು ಹಳ್ಳಿಗಾಡಿನವೆಂದು ಬದಿಗೊತ್ತುವವರು, ಗ್ರೀಕರ ಪಟ್ಟಿ ನಿಂತಿದ್ದ ನೆಲೆಯನ್ನೇ ಬಿಟ್ಟುಕೊಡುತ್ತಾರೆ.

ನಾಯಿಗೆ ಅರ್ಥ ತಿಳಿಯುವುದಿಲ್ಲವಲ್ಲ, ಈಟಿಯಾದರೇನು ಇಡ್ಲಿಯಾದರೇನು ಎಂಬುದು ಬಲವಾದ ಆಕ್ಷೇಪ. ಅರ್ಥ ನಾಯಿಗೆ ತಿಳಿಯುವುದಿಲ್ಲ ಎಂಬುದು ನಿಜ. ಆದರೆ ಹೆಸರು ಕರೆಯುವವರ ದನಿಯನ್ನು ತಿದ್ದುತ್ತದೆ, ನಾಯಿ ಕೇಳುವುದು ಆ ದನಿಯನ್ನು. ಬುಡಾಪೆಸ್ಟ್‌ನಲ್ಲೇ 2016ರಲ್ಲಿ ನಡೆದ ಮಿದುಳಿನ ಸ್ಕ್ಯಾನ್ ಅಧ್ಯಯನ, ನಾಯಿಗಳು ಪದವನ್ನೂ ಅದನ್ನಾಡಿದ ರಾಗವನ್ನೂ ಬೇರೆಬೇರೆಯಾಗಿ ಗ್ರಹಿಸುತ್ತವೆ, ಎರಡೂ ಮೆಚ್ಚುಗೆಯದಾದಾಗಲೇ ಹೆಚ್ಚು ಹಿಗ್ಗುತ್ತವೆ ಎಂದು ತೋರಿಸಿತು. ತಮಾಷೆಗೆ ಇಟ್ಟ ಹೆಸರನ್ನು ಜನ ಕೊನೆಯವರೆಗೂ ತಮಾಷೆಯ ದನಿಯಲ್ಲೇ ಕರೆಯುತ್ತಾರೆ. ಕಾಯಿಲೆ ಬಿದ್ದ ಮುದಿನಾಯಿಯನ್ನು ವೈದ್ಯರ ಮುಂದೆ ಆ ಹೆಸರಿನಿಂದ ಕರೆಯುವುದು ಕಷ್ಟವಾಗುತ್ತದೆ. ಗಂಡು ಹೆಸರಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. 2022ರ ‘777 ಚಾರ್ಲಿ’ ಚಿತ್ರದ ನಾಯಿ ಹೆಣ್ಣು, ಹೆಸರು ಗಂಡಿನದು, ಆದರೂ ನೋಡಿದವರೆಲ್ಲ ಅವಳನ್ನು ಹಚ್ಚಿಕೊಂಡರು. ಇದರಿಂದ ನನ್ನ ವಾದಕ್ಕೆ ತೊಂದರೆಯಿಲ್ಲ. ಚಾರ್ಲಿ ಕೂಗಿಗೆ ಚೆನ್ನಾಗಿ ಒದಗುತ್ತದೆ, ಅದನ್ನು ಕರೆಯುವ ದನಿಯಲ್ಲಿ ಅಕ್ಕರೆಯಿದೆ. ಹೆಣ್ಣು ಗಂಡೆಂಬ ವ್ಯಾಕರಣ ಅದರ ಮುಂದಿನ ಮಾತು.

ದೇವರ ಹೆಸರನ್ನೂ ಮನುಷ್ಯರ ಹೆಸರನ್ನೂ ನಾಯಿಗೆ ಇಡಬಹುದೇ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಮ್ಮ ನಾಡಿನ ಅಪರೂಪದ ದಾಖಲೆ. ಕ್ರಿಸ್ತಶಕ 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರ ಎಂಬ ವೀರ, ಮೆಚ್ಚಿದ ಅರಸನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಏರ್ಪಾಡು ಮಾಡಿದರು. ಅಂದಿನವರಿಗೆ ಆ ಹೆಸರಿನಿಂದ ಅಗೌರವ ಕಾಣಲಿಲ್ಲ. ಆದರೂ ಇಂದು ಬೀದಿಯಲ್ಲಿ ನಿಂತು ಗದರುವಾಗ ಪಕ್ಕದ ಮನೆಯ ಹೆಣ್ಣುಮಗಳ ಹೆಸರು, ಎದುರು ಗುಡಿಯ ದೇವಿಯ ಹೆಸರು ಬಾಯಿಗೆ ಬರುವುದು ಸರಿಯಲ್ಲ. ನೆರೆಹೊರೆಯ ಮನಸ್ಸು ನೋಯಿಸುವ ಹೆಸರು ಎಷ್ಟೇ ಪ್ರಾಚೀನವಾಗಿದ್ದರೂ ಬೇಡ. ಅದರ ಅಗತ್ಯವೂ ಇಲ್ಲ, ಏಕೆಂದರೆ ಪುರಾಣದಲ್ಲೇ ಹೆಣ್ಣುನಾಯಿಗೆ ಸ್ವಂತದ ಹೆಸರಿದೆ. ಅದು ಸರಮೆ. ಪಣಿಗಳೆಂಬವರು ಬಚ್ಚಿಟ್ಟ ಹಸುಗಳನ್ನು ಹುಡುಕಿ ಇಂದ್ರನ ದೂತಿಯಾಗಿ ಹೊರಟು, ರಸಾ ನದಿ ದಾಟಿ, ತಂಗಿಯಾಗಿ ಇಲ್ಲೇ ಇದ್ದುಬಿಡು ಎಂಬ ಅವರ ಆಮಿಷವನ್ನು ತಳ್ಳಿದವಳು. ಋಗ್ವೇದದ 10ನೇ ಮಂಡಲದಲ್ಲಿ ಅವಳ ಸಂವಾದವೇ ಒಂದು ಸೂಕ್ತ. ಮಹಾಭಾರತದ ಆದಿಪರ್ವದಲ್ಲಿ ತಪ್ಪು ಮಾಡದ ತನ್ನ ಮರಿಯನ್ನು ಹೊಡೆದದ್ದಕ್ಕೆ ಜನಮೇಜಯನನ್ನು ಯಜ್ಞಶಾಲೆಯಲ್ಲೇ ಪ್ರಶ್ನಿಸಿದವಳೂ ಅವಳೇ. ನಿಷ್ಠೆ, ಧೈರ್ಯ, ತಾಯ್ತನ ಮೂರೂ ಆ ಹೆಸರಿನಲ್ಲಿವೆ. ಅದು ಹೊರ್ಮೆ, ಆಲ್ಕೆಗಳಂತೆಯೇ ಎಕಾರದಲ್ಲಿ ಮುಗಿಯುತ್ತದೆ, ಸೀತೆ, ರಾಧೆ ಎನ್ನುವ ಕನ್ನಡದ ನಾಲಗೆಗೆ ಸಲೀಸಾಗಿ ಹೊರಳುತ್ತದೆ.

ಆಯ್ಕೆಯ ದಾರಿ ಇಷ್ಟು ಸ್ಪಷ್ಟವಾದ ಮೇಲೆ ಉಳಿದದ್ದು ಸಣ್ಣ ಕೆಲಸ. ಮರಿಯನ್ನು ಒಂದೆರಡು ದಿನ ಸುಮ್ಮನೆ ನೋಡಿ, ಅದರ ಬಣ್ಣ ನಡೆಗಳಿಗೆ ಒಪ್ಪುವ ಎರಡು ಮೂರು ಹೆಸರು ಆರಿಸಿಕೊಳ್ಳಿ. ಮನೆಯ ಹಿರಿಯರಿಂದ ಮಕ್ಕಳವರೆಗೆ ಎಲ್ಲರೂ ಗಟ್ಟಿಯಾಗಿ ಕೂಗಿ ನೋಡಲಿ. ಎಲ್ಲರ ಬಾಯಲ್ಲೂ ಒಂದೇ ಬಗೆಯಾಗಿ ಹೊರಡುವ ಹೆಸರನ್ನು ಲಸಿಕೆಯ ಕಾರ್ಡಿನಲ್ಲಿ ಬರೆಸಿ, ಮತ್ತೆ ಬದಲಿಸಬೇಡಿ. ಬೇರೆಯವರಿಂದ ಬಂದ ಬೆಳೆದ ನಾಯಿಯಾದರೆ ಅವಳಿಗೆ ರೂಢಿಯಾದ ಹೆಸರನ್ನೇ ಉಳಿಸಿಕೊಳ್ಳಿ, ಅದು ನಮಗೆ ಹಿಡಿಸದಿದ್ದರೂ ಸರಿ, ಏಕೆಂದರೆ ಅದು ಅವಳದು. ಕೆಂದು ಬಣ್ಣದ ಮುಧೋಳ ಮರಿಗೆ ಕೆಂಚಿ, ಮಚ್ಚೆಯವಳಿಗೆ ಚುಕ್ಕಿ, ಯಾವ ಬಣ್ಣದವಳಾದರೂ ಎದೆಗಾರಿಕೆ ತೋರುವವಳಿಗೆ ಸರಮೆ. ನಾನು ಶಿಫಾರಸು ಮಾಡುವ ಮೂರು ಹೆಸರು ಇವು. ಇವುಗಳಲ್ಲಿ ಯಾವುದನ್ನು ಇಟ್ಟರೂ 10 ವರ್ಷ ಕಳೆದ ಮೇಲೆ ಯಾರ ಮುಂದೆಯೂ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿ ಬರುವುದಿಲ್ಲ.