ವೇಗನಿಯಂತ್ರಕದ ಮುದ್ರೆ: ಒಂದು ವಿಮರ್ಶೆ

ವಾಹನವನ್ನು ತಯಾರಿಸಿದವನೇ ಅದರ ವೇಗಕ್ಕೊಂದು ಗಡಿ ಹಾಕಿ ಕಳುಹಿಸುವುದೂ, ಕೊಂಡವನು ಆ ಗಡಿಯನ್ನು ಕಿತ್ತೊಗೆಯುವುದೂ ಯಂತ್ರಲೋಕದಲ್ಲಿ ಹೊಸ ಸಂಗತಿಗಳಲ್ಲ. ಜರ್ಮನಿಯ ಪ್ರಮುಖ ಕಾರು ತಯಾರಕರು 1980ರ ದಶಕದ ಕೊನೆಯ ಹೊತ್ತಿಗೆ, ತಮ್ಮೊಳಗಿನ ಒಂದು ತಿಳಿವಳಿಕೆಯಂತೆ, ತಮ್ಮ ಬಲಿಷ್ಠ ಕಾರುಗಳನ್ನು ಗಂಟೆಗೆ 250 ಕಿಲೋಮೀಟರಿಗೆ ಕಟ್ಟಿಹಾಕಿದರು. ಜಪಾನಿನವರು ಸ್ವದೇಶದಲ್ಲಿ ಮಾರುವ ಕಾರುಗಳಿಗೆ 180ರ ಗಡಿಯಿಟ್ಟರು. ಈ ಗಡಿ ಎಂಬುದು ಎಂಜಿನ್ನನ್ನು ಆಳುವ ಪುಟ್ಟ ಗಣಕದೊಳಗಿನ ಒಂದು ಅಂಕಿ ಮಾತ್ರ. ಚಕ್ರದ ವೇಗ ಆ ಅಂಕಿಯನ್ನು ಮುಟ್ಟಿದೊಡನೆ ಗಣಕವು ಇಂಧನವನ್ನೋ ಗಾಳಿಯನ್ನೋ ಕುಗ್ಗಿಸುತ್ತದೆ. ಅಂಕಿಯನ್ನು ತಿದ್ದಿದರೆ ಗಡಿಯೂ ಇಲ್ಲ. ಹಾಗೆ ತಿದ್ದಿಕೊಡುವುದೇ ಕಸುಬಾದ ಕುಶಲಿಗಳು ಲೋಕದ ಎಲ್ಲ ದೊಡ್ಡ ನಗರಗಳಲ್ಲೂ ಇದ್ದಾರೆ. ತಯಾರಕರೂ ಈ ವಿಷಯದಲ್ಲಿ ಸಂಪೂರ್ಣ ನಿರ್ದೋಷಿಗಳೇನಲ್ಲ: ಬಿಎಂಡಬ್ಲ್ಯು ಸಂಸ್ಥೆಯು ತನ್ನ ‘ಎಂ’ ಶ್ರೇಣಿಯ ಕಾರುಗಳಿಗೆ, ಹೆಚ್ಚುವರಿ ಹಣ ಪಡೆದು, ಚಾಲನಾ ತರಬೇತಿಯ ಸಮೇತ, ಗಡಿಯನ್ನು ಮೇಲೇರಿಸಿ ಕೊಡುತ್ತ ಬಂದಿದೆ. ಬೆಲೆ ಕೊಟ್ಟರೆ ಸಡಿಲವಾಗುವ ಸಂಯಮವನ್ನು ಸಂಯಮವೆನ್ನಬಹುದೇ ಎಂಬುದು ಬೇರೆಯೇ ಪ್ರಶ್ನೆ.

ಗಡಿಯನ್ನು ತೆಗೆಸುವವರು ಹೇಳುವ ವಾದಗಳನ್ನು ಸಮಾಧಾನದಿಂದ ಪರಿಶೀಲಿಸಬೇಕು. ಅವುಗಳಲ್ಲಿ ಕೆಲವು ಅಷ್ಟು ಸುಲಭವಾಗಿ ತಳ್ಳಿಹಾಕುವಂಥವಲ್ಲ.

ಮೊದಲನೆಯದು, ಆ ವೇಗವನ್ನು ತಾನು ಎಂದೂ ಮುಟ್ಟುವುದಿಲ್ಲ, ಹೀಗಿರುವಾಗ ಗಡಿ ಇದ್ದರೇನು ಹೋದರೇನು ಎಂಬ ವಾದ. ಭಾರತದ ಮಟ್ಟಿಗೆ ಇದು ವಸ್ತುಸ್ಥಿತಿಗೆ ಹತ್ತಿರವಾದ ಮಾತೇ. 2018ರ ಏಪ್ರಿಲ್ ತಿಂಗಳ ಕೇಂದ್ರ ಅಧಿಸೂಚನೆ ಕಾರುಗಳಿಗೆ ನಿಗದಿಪಡಿಸಿದ ಪರಮಾವಧಿ ವೇಗ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲೂ 120. 250ರ ಗಡಿ ಅದಕ್ಕೆ ಎರಡರಷ್ಟಕ್ಕಿಂತಲೂ ಆಚೆ ಇದೆ. ಆದರೆ ಶ್ರಾವಕಧರ್ಮವನ್ನು ಬಲ್ಲವರಿಗೆ ಈ ವಾದ ಎಲ್ಲಿ ಎಡವುತ್ತದೆ ಎಂಬುದು ಒಡನೆ ತೋರುತ್ತದೆ. ದಿಗ್ವ್ರತವನ್ನು ಸ್ವೀಕರಿಸುವ ಗೃಹಸ್ಥನು ದಿಕ್ಕುಗಳಿಗೆ ನದಿಯನ್ನೋ ಪರ್ವತವನ್ನೋ ಗಡಿಯಾಗಿ ಹೇಳಿ, ಅದರಾಚೆ ಹೋಗೆನೆಂದು ನಿಶ್ಚಯಿಸುತ್ತಾನೆ. ಆ ಗಡಿಯ ತನಕವೂ ಅವನು ಜೀವಮಾನದಲ್ಲಿ ಹೋಗದೆ ಇರಬಹುದು. ಆದರೂ ವ್ರತ ವ್ಯರ್ಥವಲ್ಲ. ಬಂಧದ ಕಾರಣಗಳನ್ನು ಎಣಿಸುವಾಗ ಆಚಾರ್ಯರು ಅವಿರತಿಯನ್ನು ಬೇರೆಯಾಗಿಯೇ ಹೇಳಿರುವುದು ಇದಕ್ಕಾಗಿ. ಕೃತ್ಯವನ್ನು ಎಸಗುವುದು ಒಂದು. ಅದರಿಂದ ತಾನು ವಿರತನಾಗಿಲ್ಲ ಎಂಬ ಸ್ಥಿತಿಯೇ ಇನ್ನೊಂದು. ಎಂದೂ ಬಳಸದ ವೇಗವನ್ನು ಕೈಗೆಟಕುವಂತೆ ಇಟ್ಟುಕೊಳ್ಳಲು ಹಣ ತೆತ್ತವನು ಕೊಂಡದ್ದು ಈ ಎರಡನೆಯದನ್ನೇ.

ಎರಡನೆಯ ವಾದ ಇನ್ನೂ ಸೂಕ್ಷ್ಮವಾದದ್ದು. ಸಂಯಮವು ಒಳಗಿನಿಂದ ಬರಬೇಕು, ಯಂತ್ರ ಹೇರಿದ ಸಂಯಮಕ್ಕೆ ಬೆಲೆಯಿಲ್ಲ ಎಂದು ಅದು ಹೇಳುತ್ತದೆ. ಜೈನ ಓದುಗರಿಗೆ ಈ ಮಾತು ಕಿವಿಗೆ ಹಿತವಾಗಿ ಕೇಳಿದರೆ ಆಶ್ಚರ್ಯವಿಲ್ಲ. ಸೆರೆಯಲ್ಲಿರುವವನು ಊಟವಿಲ್ಲದೆ ಕಳೆದ ದಿನ ಉಪವಾಸವಾಗದು. ಅಂಥ ಅನಿವಾರ್ಯ ಸಹನೆಗೆ ಶಾಸ್ತ್ರದಲ್ಲಿ ಅಕಾಮ ನಿರ್ಜರೆ ಎಂಬ ಹೆಸರಿದೆ. ಅದರ ಫಲವೂ ಅಲ್ಪವೇ. ವೇಗನಿಯಂತ್ರಕ ಬಿಗಿದ ವಾಹನದ ಚಾಲಕನ ಸ್ಥಿತಿ ಇದಕ್ಕಿಂತ ಮೇಲಿನದಲ್ಲವೆಂದು ಒಪ್ಪಬೇಕು. ಆದರೆ ಅಲ್ಪಫಲವೆಂದ ಮಾತ್ರಕ್ಕೆ ಶಾಸ್ತ್ರ ಅದನ್ನು ನಿಷ್ಫಲವೆನ್ನಲಿಲ್ಲ. ಮೇಲಾಗಿ, ಹೊರಗಿನ ಕಟ್ಟನ್ನು ಬಿಚ್ಚಿದವನು ಒಳಗಿನ ಕಟ್ಟನ್ನು ಹಾಕಿಕೊಂಡದ್ದು ಎಲ್ಲಿ? ಗಡಿ ತೆಗೆಸಿದ ದಿನವೇ ವೇಗದ ವ್ರತ ತೊಟ್ಟವನ ಕಥೆಯನ್ನು ಯಾರೂ ಹೇಳುವುದಿಲ್ಲ. ಹೊರಗಿನದು ಬೇಡವಾದದ್ದು ಒಳಗಿನದು ಬಂದದ್ದರಿಂದಲ್ಲ.

ಇಲ್ಲಿ ಒಂದು ಮಾತನ್ನು ಪಕ್ಕಕ್ಕೆ ಹೇಳಬಹುದು. 2007ರಲ್ಲಿ ಹೊರಬಂದ ನಿಸಾನ್ ಜಿಟಿ-ಆರ್ ಕಾರಿನ ಜಪಾನೀ ಆವೃತ್ತಿಯಲ್ಲಿ, ಕಾರು ನಿಗದಿತ ಪಂದ್ಯಪಥದೊಳಗಿದೆ ಎಂದು ಉಪಗ್ರಹ ಮಾರ್ಗದರ್ಶಿಯಿಂದ ಖಚಿತವಾದಾಗ ಮಾತ್ರ 180ರ ಗಡಿಯನ್ನು ಸಡಿಲಿಸಬಹುದಾಗಿತ್ತು. ಪಥದಿಂದ ಹೊರಗೆ ಬಂದರೆ ಗಡಿ ಮತ್ತೆ ಬೀಳುತ್ತಿತ್ತು. ದೇಶವನ್ನು ನೋಡಿ ಮಿತಿಯನ್ನು ಹಿಗ್ಗಿಸುವ ಕುಗ್ಗಿಸುವ ಈ ಕ್ರಮ ದೇಶಾವಕಾಶಿಕ ವ್ರತವನ್ನು ನೆನಪಿಗೆ ತರುತ್ತದೆ. ಅದನ್ನು ಮಾಡಿದ ಎಂಜಿನಿಯರುಗಳಿಗೆ ಆ ಶಬ್ದ ಗೊತ್ತಿದ್ದಿರಲಾರದು.

ಇಷ್ಟೆಲ್ಲ ಶೃಂಗೇರಿಗೆ ಏನು ಸಂಬಂಧ ಎಂದು ಕೇಳಬಹುದು. ತುಂಗೆಯ ದಡದ ಈ ಪೇಟೆಯ ನಡುವೆ 12ನೆಯ ಶತಮಾನದ ಪಾರ್ಶ್ವನಾಥ ಬಸದಿ ಇದೆ. ನೆರೆಯ ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿಯ ಕ್ಷೇತ್ರವಿದೆ. ಹೊಂಬುಜದ ಕಡೆಯಿಂದ ಕಾರ್ಕಳ, ಮೂಡಬಿದಿರೆ, ವೇಣೂರುಗಳಿಗೆ ಹೊರಡುವ ಯಾತ್ರಿಕರ ವಾಹನಗಳು ಈ ಸೀಮೆಯನ್ನು ಹಾಯುತ್ತವೆ. 169ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಕೆರೆಕಟ್ಟೆಯ ಮೂಲಕ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡನ್ನು ಸೀಳಿಕೊಂಡು ಕರಾವಳಿಗೆ ಇಳಿಯುತ್ತದೆ. ಇನ್ನೊಂದು ದಾರಿ ಆಗುಂಬೆಯ ಹದಿನಾಲ್ಕು ತಿರುವುಗಳದ್ದು. ಇಲ್ಲಿ 250ರ ಗಡಿಯ ಕಾರು ಅಪರೂಪ. ಆದರೆ ಗಡಿಯನ್ನು ಕಿತ್ತ ವಾಹನ ಅಪರೂಪವೆಂದು ಹೇಳುವ ಧೈರ್ಯ ಯಾರಿಗಿದೆ? ಶ್ರೀಮಂತನ ಕಾರಿನಲ್ಲಿ ನಡೆಯುವ ಕೆಲಸವೇ ಬಾಡಿಗೆಯ ಬಸ್ಸಿನಲ್ಲಿ ಇನ್ನಷ್ಟು ಅಗ್ಗವಾಗಿ ನಡೆಯುತ್ತದೆ, ಮತ್ತು ಅದರೊಳಗೆ ಕುಳಿತವರು ನಲವತ್ತು ಮಂದಿ.

ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮ ವೇಗನಿಯಂತ್ರಕವನ್ನು ಕುರಿತದ್ದು. ಮುದ್ರೆಯನ್ನು ಒಡೆಯದೆ ತೆಗೆಯಲಾಗದ ರೀತಿಯಲ್ಲಿ ಅದನ್ನು ಮೊಹರು ಮಾಡಬೇಕೆಂದು ಆ ನಿಯಮ ಬಯಸುತ್ತದೆ. 2015ರ ಏಪ್ರಿಲ್ ತಿಂಗಳ ತಿದ್ದುಪಡಿಯಿಂದ ಹೊಸ ಸಾರಿಗೆ ವಾಹನಗಳಿಗೆ 80 ಕಿಲೋಮೀಟರಿನ, ಶಾಲಾ ಬಸ್ಸು, ಟ್ಯಾಂಕರು, ಡಂಪರುಗಳಿಗೆ 60 ಕಿಲೋಮೀಟರಿನ ಗಡಿ ಬಂದಿತು. ಅದಕ್ಕೂ ಹಿಂದೆ, 1997ರ ನವೆಂಬರಿನಲ್ಲಿ ದೆಹಲಿಯಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು ಮಕ್ಕಳು ಸತ್ತ ಬೆನ್ನಿಗೇ, ರಾಜಧಾನಿಯ ಭಾರಿ ವಾಹನಗಳನ್ನು 40ರ ಮಿತಿಗೆ ಕಟ್ಟುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತ್ತು. ಮೂಲ ವಿನ್ಯಾಸವನ್ನು ಬದಲಿಸುವ ಹಕ್ಕು ಮಾಲೀಕನಿಗಿಲ್ಲವೆಂದು ಅದೇ ನ್ಯಾಯಾಲಯ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಆರು ತಿಂಗಳವರೆಗಿನ ಸೆರೆಯನ್ನೋ ಐದು ಸಾವಿರ ರೂಪಾಯಿ ದಂಡವನ್ನೋ ಇಟ್ಟಿತು. ಕಾನೂನಿಗೆ ಕೊರತೆಯಿಲ್ಲ. ಕೊರತೆ ಇರುವುದು ಅರ್ಹತಾಪತ್ರದ ದಿನ ಉಪಕರಣವನ್ನು ಜೋಡಿಸಿ ಮರುದಿನ ಕಳಚುವ ಬುದ್ಧಿಯಲ್ಲಿ.

ಹಾಗೆಂದು ಕಾನೂನನ್ನು ಮೆಚ್ಚಿ ಸುಮ್ಮನಾಗುವಂತೆಯೂ ಇಲ್ಲ. ಘಾಟಿಯ ತಿರುವಿನಲ್ಲಿ 80ರ ಗಡಿಗೆ ಏನರ್ಥ? ಅಲ್ಲಿ 30 ಕೂಡ ಹೆಚ್ಚಾಗುವ ತಾವುಗಳಿವೆ. ಉಪಕರಣಕ್ಕೆ ತಿರುವು ತಿಳಿಯದು, ಮಳೆ ತಿಳಿಯದು, ಮಂಜು ತಿಳಿಯದು; ಅದಕ್ಕೆ ತಿಳಿದಿರುವುದು ಒಂದೇ ಅಂಕಿ. ಯುರೋಪಿನಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಆಯಾ ರಸ್ತೆಯ ಮಿತಿಯನ್ನು ಓದಿ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗುವ ಎಚ್ಚರಿಕೆ ಗಂಟೆ. ಎರಡೂ ಎಚ್ಚರಿಸುತ್ತವೆಯೇ ಹೊರತು ಕೈಹಿಡಿದು ಕಟ್ಟುವುದಿಲ್ಲ. ಗಂಟೆಯ ಸದ್ದು ಸಹಿಸಲಾಗದೆ ಅದರ ತಂತಿಯನ್ನೇ ಕಿತ್ತವರೂ ಇದ್ದಾರೆಂಬುದು ಬೇರೆ ಮಾತು.

ಮುನಿಗಳ ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ವಿಧಿಯಿದೆ. ನಡಿಗೆಯ ವೇಗಕ್ಕೆ ನಾಲ್ಕು ಮೊಳ ಸಾಕು. ಕಂಡೊಡನೆ ಕಾಲನ್ನು ತಡೆಯಬಹುದು. ಈ ವಿಧಿಯ ಹುರುಳು ಇಷ್ಟೇ: ಕಾಣುವ ದೂರದೊಳಗೆ ನಿಲ್ಲಲು ಬರಬೇಕು. ವಾಹನಕ್ಕೆ ಇದೇ ಲೆಕ್ಕವನ್ನು ಹಾಕಿದರೆ, ಚಾಲಕನ ಅರಿವಿಗೆ ಒಂದೂವರೆ ಸೆಕೆಂಡು ಬೇಕೆಂದೂ ಒದ್ದೆ ರಸ್ತೆಯ ಹಿಡಿತ ಒಣ ರಸ್ತೆಯದರ ಅರ್ಧದಷ್ಟಿದೆಯೆಂದೂ ಇಟ್ಟುಕೊಂಡರೆ, 40ರ ವೇಗದಲ್ಲಿ ನಿಲ್ಲಲು ಸುಮಾರು 32 ಮೀಟರು ಬೇಕು, 60ರಲ್ಲಿ 60 ಮೀಟರು, 80ರಲ್ಲಿ 96 ಮೀಟರು. ವೇಗ ಇಮ್ಮಡಿಯಾದಾಗ ದೂರ ಮುಮ್ಮಡಿಯಾಯಿತು. ಕೆರೆಕಟ್ಟೆಯ ಕಾಡಿನೊಳಗೆ ಜುಲೈ ತಿಂಗಳ ರಾತ್ರಿ 96 ಮೀಟರು ಮುಂದಕ್ಕೆ ಕಾಣುವ ಕಣ್ಣು ಯಾರದೂ ಇಲ್ಲ. ಮೊದಲ ಮಳೆಗೆ ರಸ್ತೆಗಿಳಿಯುವ ಕಪ್ಪೆಗಳೂ ಏಡಿಗಳೂ ಎಣಿಕೆಗೆ ಸಿಕ್ಕುವಂಥವಲ್ಲ; 40ರ ವೇಗವೂ ಅವುಗಳನ್ನು ಉಳಿಸುವುದಿಲ್ಲವೆಂಬುದನ್ನು ಮುಚ್ಚಿಡಬಾರದು. ಉಳಿಯುವ ಸಂಭವವಿರುವುದು ದನ, ನಾಯಿ, ಕೊಡೆ ಹಿಡಿದು ರಸ್ತೆಯಂಚಿನಲ್ಲಿ ಶಾಲೆಯಿಂದ ಮರಳುವ ಮಗು. ಪ್ರಮಾದದ ಯೋಗದಿಂದ ಆಗುವ ಪ್ರಾಣಹಾನಿಯನ್ನೇ ಉಮಾಸ್ವಾತಿ ಹಿಂಸೆಯೆಂದು ಕರೆದದ್ದು. ನಿಲ್ಲಲಾರದ ವೇಗವನ್ನು ತಿಳಿದೂ ಆರಿಸಿಕೊಂಡ ಮೇಲೆ, ಅಪಘಾತ ಆಕಸ್ಮಿಕವೆಂದು ಹೇಳಲು ಅವಕಾಶ ಬಹಳ ಕಡಿಮೆ ಉಳಿಯುತ್ತದೆ.

ಹಾಗಾದರೆ ದೋಷ ಚಾಲಕನೊಬ್ಬನದೇ? ತಂತಿ ಕಳಚಿದ ಕುಶಲಿಯನ್ನು ಹಿಂಸಾದಾನದ ಲೆಕ್ಕಕ್ಕೆ ಸೇರಿಸಬಹುದು. ಅನರ್ಥದಂಡಗಳನ್ನು ಹೇಳುವಾಗ ಸಮಂತಭದ್ರರು ಹಿಂಸೆಯ ಉಪಕರಣ ಕೊಡುವವನನ್ನೂ ಬಿಟ್ಟಿಲ್ಲ. ಆದರೆ ಬಸ್ಸಿನ ಮಾಲೀಕನು ಆ ಕುಶಲಿಯ ಬಳಿಗೆ ಹೋದದ್ದು ಏಕೆ ಎಂಬ ಪ್ರಶ್ನೆಯನ್ನು ಬಸದಿಗಳ ಟ್ರಸ್ಟುಗಳೂ ಯಾತ್ರೆ ಏರ್ಪಡಿಸುವ ಮಂಡಳಿಗಳೂ ಎದುರಿಸಬೇಕಾಗಿದೆ. ಬೆಳಗಿನ ಅಭಿಷೇಕಕ್ಕೆ ನರಸಿಂಹರಾಜಪುರ, ಮಧ್ಯಾಹ್ನದ ಊಟಕ್ಕೆ ಕಾರ್ಕಳ, ಸಂಜೆಗೆ ಮೂಡಬಿದಿರೆ, ನಡುವೆ ವೇಣೂರು, ರಾತ್ರಿಗೆ ಧರ್ಮಸ್ಥಳ ಎಂದು ಅಚ್ಚು ಹಾಕಿಸಿದ ಕಾರ್ಯಕ್ರಮಪತ್ರಿಕೆಯು ಕಾಗದದ ಮೇಲೆ ಭಕ್ತಿಯಂತೆ ಕಾಣುತ್ತದೆ. ಘಾಟಿಯ ರಸ್ತೆಯಲ್ಲಿ ಅದು ಚಾಲಕನ ಕಾಲನ್ನು ಒತ್ತುತ್ತದೆ. ನಿಯಂತ್ರಕವಿದ್ದ ಬಸ್ಸು ತಡವಾಗಿ ಬಂದರೆ ಮುಂದಿನ ವರ್ಷ ಕರೆ ಬೇರೆ ಮಾಲೀಕನಿಗೆ. ಕೃತ, ಕಾರಿತ, ಅನುಮೋದನೆಗಳನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಸಮಾಜವು ವೇಳಾಪಟ್ಟಿಗೆ ಸಹಿ ಹಾಕುವಾಗ ಎರಡನೆಯದನ್ನೂ ಮೂರನೆಯದನ್ನೂ ಮರೆಯುತ್ತದೆ. ದಿಗ್ವ್ರತದ ಅತಿಚಾರಗಳಲ್ಲಿ ಇಟ್ಟುಕೊಂಡ ಗಡಿಯ ಮರೆವೂ ಒಂದು.

ಚಾತುರ್ಮಾಸದ ಸಂದರ್ಭದಲ್ಲಂತೂ ಈ ವೈಪರೀತ್ಯ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ನೆಲದ ತುಂಬ ಜೀವಗಳಿರುತ್ತವೆಂದು ಮುನಿಗಳು ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ಅವರ ದರ್ಶನಕ್ಕೆಂದು ಅದೇ ಮಳೆಯಲ್ಲಿ, ಅದೇ ನೆಲದ ಮೇಲೆ, ರಾತ್ರಿಯಿಡೀ ಓಡಿ ಬೆಳಗಿನ ಪೂಜೆಗೆ ತಲಪುವ ಬಸ್ಸುಗಳು ಬಾಡಿಗೆಗೆ ಗೊತ್ತಾಗುತ್ತವೆ. ಬಾಡಿಗೆಯ ಕರಾರಿನಲ್ಲಿ ಆಸನಗಳ ಸಂಖ್ಯೆ, ಊಟದ ನಿಲುಗಡೆ, ಚಾಲಕನ ಭತ್ತೆ, ಘಾಟಿಯ ಹೆಚ್ಚುವರಿ ದರ ಎಲ್ಲವೂ ನಮೂದಾಗಿರುತ್ತದೆ. ನಿಯಂತ್ರಕದ ಮುದ್ರೆ ಒಡೆದಿಲ್ಲವೆಂಬ ಒಂದು ಸಾಲಿಗೆ ಅದರಲ್ಲಿ ಇನ್ನೂ ಜಾಗವಾಗಿಲ್ಲ.