ಶಂಕೆಯ ಮುಂದೆ ಶಿಕ್ಷಕರ ಕರ್ತವ್ಯ

ನಿನ್ನೆಯವರೆಗೆ ನಗುನಗುತ್ತಿದ್ದ ಮಗು ತರಗತಿಯಲ್ಲಿ ಒಮ್ಮೆಲೇ ಮೌನ ತಾಳುತ್ತದೆ. ಮನೆಗೆ ಹೊರಡುವ ವೇಳೆಗೆ ಅಳುತ್ತದೆ, ಇಲ್ಲವೆ ಶಾಲೆಯ ಒಬ್ಬ ನೌಕರನನ್ನು ಕಂಡೊಡನೆ ಹಿಂದೆ ಸರಿಯುತ್ತದೆ. ಇದನ್ನು ಮೊದಲು ಗಮನಿಸುವವರು ಶಿಕ್ಷಕಿ, ಆಯಾ ಮೊದಲಾದವರು. ಕಂಡ ಮೇಲೆ ಅವರು ಮಾಡಬೇಕಾದುದೇನು? ಇದಕ್ಕೆ ಕಾನೂನು ಕೊಟ್ಟಿರುವ ಉತ್ತರವೂ ಶಾಲೆಗಳು ರೂಢಿಸಿಕೊಂಡಿರುವ ಉತ್ತರವೂ ಬೇರೆಬೇರೆಯಾಗಿರುವುದು ವಿಷಾದದ ಸಂಗತಿ.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯಿದೆಯ 19ನೆಯ ಕಲಮು, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದುದನ್ನು ಬಲ್ಲ ಅಥವಾ ನಡೆಯಬಹುದೆಂಬ ಆತಂಕವುಳ್ಳ ಪ್ರತಿಯೊಬ್ಬನೂ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ತಿಳಿಸದವನಿಗೆ ಆರು ತಿಂಗಳವರೆಗೆ ಸೆರೆ, ದಂಡ ಅಥವಾ ಎರಡೂ. ತನ್ನ ಅಧೀನ ನೌಕರನ ಅಪರಾಧವನ್ನು ಮರೆಮಾಚಿದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಅಂದರೆ ಹೊಣೆ ಆಡಳಿತ ಮಂಡಳಿಯದಷ್ಟೇ ಅಲ್ಲ, ಕಂಡ ವ್ಯಕ್ತಿಯದೂ ಹೌದು.

ಆದರೆ ರೂಢಿಯಲ್ಲಿ ನಡೆಯುವುದೇನು? ವಿಷಯ ಮುಖ್ಯೋಪಾಧ್ಯಾಯರ ಕೊಠಡಿ ಸೇರುತ್ತದೆ. 'ಆಂತರಿಕ ವಿಚಾರಣೆ'ಯ ಹೆಸರಿನಲ್ಲಿ ಮಗುವನ್ನು ನಾಲ್ಕಾರು ಮಂದಿ ಪ್ರಶ್ನಿಸುತ್ತಾರೆ. ಪೋಷಕರಿಗೆ ಸಂಸ್ಥೆಯ ಮಾನ ನೆನಪಿಸಲಾಗುತ್ತದೆ. ಶಂಕಿತನು ರಾಜೀನಾಮೆಯಿತ್ತು ಇನ್ನೊಂದು ಶಾಲೆ ಸೇರುತ್ತಾನೆ. ಇದನ್ನು ವಿವೇಕವೆಂದು ಕರೆಯುವುದು ಆತ್ಮವಂಚನೆ. ಮಹಾರಾಷ್ಟ್ರದ ರಾಜುರಾದ ಶಾಲಾ ವಸತಿನಿಲಯದ ಬಾಲಕಿಯರ ಪ್ರಕರಣದಲ್ಲಿ, ವಿಷಯ ತಿಳಿದೂ ವರದಿ ಮಾಡಲಿಲ್ಲವೆಂಬ ಆಪಾದನೆ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯವು ರದ್ದುಪಡಿಸಿತ್ತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟಪಡಿಸಿತು.

ನಿರಪರಾಧಿಗೆ ಕಳಂಕ ತಟ್ಟೀತೆಂಬ ಅಳುಕು ಸಹಜವೇ. ಆದರೆ ತಿಳಿಸುವುದು ತೀರ್ಪು ನೀಡುವುದಲ್ಲ. ಸತ್ಯಶೋಧನೆ ತನಿಖೆಯವರ ಕೆಲಸ. ಸದ್ಭಾವನೆಯಿಂದ ತಿಳಿಸಿದವನಿಗೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಯಿಲ್ಲವೆಂದು ಅದೇ ಕಲಮು ಅಭಯ ನೀಡಿದೆ. ಶಿಕ್ಷೆ ಇರುವುದು ಅವಮಾನಿಸುವ, ಬೆದರಿಸುವ ಅಥವಾ ಹಣ ಕೀಳುವ ದುರುದ್ದೇಶದ ಸುಳ್ಳಿಗೆ ಮಾತ್ರ.

ಕಾಯಿದೆಯಲ್ಲಿಯೂ ನ್ಯೂನತೆಗಳಿಲ್ಲದಿಲ್ಲ. ನಡೆದುಹೋದ ಕೃತ್ಯದ ಬಗ್ಗೆ ಅರಿವನ್ನೂ ನಡೆಯಬಹುದಾದುದರ ಬಗ್ಗೆ ಆತಂಕವನ್ನೂ ಹೇಳುವ ಕಲಮು, ನಡೆದಿರಬಹುದೆಂಬ ಬರಿಯ ಶಂಕೆಯನ್ನು ಸ್ಪಷ್ಟವಾಗಿ ಹೆಸರಿಸುವುದಿಲ್ಲ. ಶಿಕ್ಷಕರು ತೊಳಲಾಡುವುದು ಇಲ್ಲಿಯೇ. ಆಡಳಿತ ಮಂಡಳಿಯ ಇಚ್ಛೆಗೆ ವಿರುದ್ಧವಾಗಿ ವರದಿ ಮಾಡಿದ ಶಿಕ್ಷಕಿಯ ನೌಕರಿಗೆ ರಕ್ಷಣೆಯೇನೆಂಬುದನ್ನೂ ಅದು ಬಿಡಿಸಿ ಹೇಳಿಲ್ಲ. ಬಡ ನೌಕರಳಿಗೆ ಸೆರೆಯ ಭಯ ತೋರಿಸಿ, ಅನ್ನದ ಭಯವನ್ನು ಹಾಗೆಯೇ ಉಳಿಸಿದರೆ ಮೌನವೇ ಗೆಲ್ಲುತ್ತದೆ.

2020ರ ನಿಯಮಗಳು ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನೂ ತರಬೇತಿಯನ್ನೂ ಕಡ್ಡಾಯಗೊಳಿಸಿವೆ. ಆ ತರಬೇತಿಯ ಸಾರ ಸರಳವಾಗಿರಬೇಕು. ಮಗು ಹೇಳಿದಷ್ಟನ್ನು ಶಾಂತವಾಗಿ ಕೇಳುವುದು. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಕೇಳದಿರುವುದು. ಯಾರಿಗೂ ಹೇಳುವುದಿಲ್ಲವೆಂಬ ಈಡೇರದ ಭಾಷೆ ಕೊಡದಿರುವುದು. ತಪ್ಪು ನಿನ್ನದಲ್ಲವೆಂದು ಧೈರ್ಯ ತುಂಬುವುದು. ಅಂದಿನ ಜಮಾಖರ್ಚನ್ನು ಅಂದೇ ಬರೆಯುವಂತೆ, ಮಗುವಾಡಿದ ಮಾತನ್ನು ಅದರದೇ ಶಬ್ದಗಳಲ್ಲಿ ದಿನಾಂಕಸಹಿತ ಅಂದೇ ಬರೆದಿಡುವುದು. ಶಂಕಿತನನ್ನು ತಾವೇ ಎದುರಿಸಿ ಎಚ್ಚರಿಸದೆ ಪೊಲೀಸರಿಗೆ ತಿಳಿಸುವುದು. ಮಕ್ಕಳ ಸಹಾಯವಾಣಿ 1098ರ ನೆರವು ಪಡೆಯುವುದು. ಹೆಸರನ್ನು ಸಿಬ್ಬಂದಿಯ ಹರಟೆಗೆ ವಸ್ತುವಾಗಿಸದಿರುವುದು.

ಕೇಂದ್ರ ಸರ್ಕಾರವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12,447 ಮಕ್ಕಳ ಪೈಕಿ ಶೇಕಡಾ 53ಕ್ಕೂ ಮಿಕ್ಕವರು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಬಹುಪಾಲು ಮಕ್ಕಳು ಅದುವರೆಗೆ ಯಾರಿಗೂ ತಿಳಿಸಿರಲಿಲ್ಲ. ಹೇಳಲಾರದ ಮಗುವಿನ ಪರವಾಗಿ ಹೇಳಬೇಕಾದವರು ಕಂಡ ಹಿರಿಯರೇ. ಶಾಲೆಯ ಕೀರ್ತಿಗೆ ಕುಂದು ಬಂದರೆ ಮರಳಿ ಗಳಿಸಬಹುದು; ದೊಡ್ಡವರ ಮೇಲೆ ಮಗುವಿಟ್ಟ ನಂಬಿಕೆ ಒಡೆದರೆ ಅದನ್ನು ಕೂಡಿಸುವುದು ಅಷ್ಟು ಸುಲಭವಲ್ಲ.